‘ಏನು ಎಳೆಯುತ್ತೀರಿ’ ಎಂದು ಕೇಳದ ಡಸ್ಟಿಯವರಿಗೆ

ಮಾನ್ಯರೇ,

ತಮಗೆ ನನ್ನ ಗೌರವಪೂರ್ವಕ ವಂದನೆಗಳು. ಇಲ್ಲಿ ನಾನು, ನನ್ನ ಗಂಡ ಗಾರ್ಲಂಡ್ ಮತ್ತು ನನ್ನ ಹೆಣ್ಣುಕುದುರೆ ಬಿಸ್ಕತ್ತು ಕ್ಷೇಮವಾಗಿದ್ದೇವೆ. ನಮ್ಮ ಪಿಕಪ್ಪಿನ ಹಿಂದಿನ ಟಯರುಗಳ ಬಗ್ಗೆ ಮಾತ್ರ ಆ ಮಾತು ಹೇಳುವಂತಿಲ್ಲ. ತಾವೂ ಕ್ಷೇಮವೆಂದು ನಂಬಿದ್ದೇನೆ. ಗಾಲಿ ಮಾರುವ ಕಂಪನಿಯ ವೆಬ್‌ಸೈಟಿನ ಮೂಲೆಯಿಂದ ಕೌಬಾಯ್ ಟೋಪಿ ಎತ್ತಿ ನಗುವ ತಾವು ಮನುಷ್ಯರೇ ಅಲ್ಲ, ಬರೀ ಯಂತ್ರ, ತಮಗೆ ನೆಗಡಿ ಕೂಡ ಬರುವುದಿಲ್ಲ ಎಂದು ಗಾರ್ಲಂಡ್ ಹೇಳುತ್ತಾನೆ. ಆದರೂ ಯೋಗಕ್ಷೇಮ ವಿಚಾರಿಸದೆ ನೇರವಾಗಿ ಜಗಳಕ್ಕೆ ಇಳಿಯುವುದನ್ನು ನನ್ನ ತಾಯಿ ನನಗೆ ಕಲಿಸಿಲ್ಲ.

ನಾನು ಓಲೀಟಾ ಪ್ರುಯಿಟ್. ಟೆಕ್ಸಸ್‌ನ ಉತ್ತರದ ತುದಿಯಲ್ಲಿ, ಒಣಗಹಾಕಿದ ಬಟ್ಟೆಯನ್ನು ಒಮ್ಮೊಮ್ಮೆ ನೆರೆಯವರ ಹೊಲದಿಂದ ಹೋಗಿ ತರಬೇಕಾಗುವಷ್ಟು ಗಾಳಿ ಬೀಸುವ ಬಯಲಿನಲ್ಲಿ ನಮ್ಮ ಮನೆ. ಊರವರ ದನ, ಕುದುರೆ, ಹುಲ್ಲಿನ ಉರುಳೆಗಳನ್ನು ಟ್ರೇಲರಿನಲ್ಲಿ ಸಾಗಿಸುವುದು ನಮ್ಮಿಬ್ಬರ ಕಸುಬು. ಅದಕ್ಕೆಂದೇ ನಮ್ಮ ಹತ್ತಿರ ಒಂದು ಡ್ಯೂಲಿ ಇದೆ. ಮುಂದೆ ಎರಡು ಗಾಲಿ, ಹಿಂದೆ ಒಂದೊಂದು ಬದಿಗೂ ನಡುವೆ ಎರಡು ಬೆರಳಿನ ಸಂದು ಬಿಟ್ಟು ಜೋಡಿ ಗಾಲಿ, ಹೀಗೆ ಆರು ಗಾಲಿಯ ಭಾರೀ ಪಿಕಪ್ಪು. ಅದರ ಸೊಂಟ ಎಷ್ಟು ಅಗಲವೆಂದರೆ ಕಾರು ತೊಳೆಯುವವರು ಅದನ್ನು ಒಳಗೆ ಬಿಡುವುದಿಲ್ಲ, ಬ್ಯಾಂಕಿನ ಕಿಟಕಿಯ ಪಕ್ಕದ ಓಣಿಯಲ್ಲಿ ಅದು ಹಿಡಿಸುವುದಿಲ್ಲ. ಇಷ್ಟೆಲ್ಲ ಫಜೀತಿ ಸಹಿಸಿಕೊಂಡು ಇಂಥ ಗಾಡಿ ಇಟ್ಟುಕೊಳ್ಳುವುದು ಹಿಂದೆ ಏನನ್ನಾದರೂ ಎಳೆಯುವುದಕ್ಕೆ.

ಆದ್ದರಿಂದಲೇ ನಮ್ಮ ಕಡೆ ಇಬ್ಬರು ಎದುರಾದರೆ ‘ಹೇಗಿದ್ದೀಯ’ ಎನ್ನುವ ರೂಢಿ ಕಡಿಮೆ. ಪೆಟ್ರೋಲ್ ಬಂಕಿನಲ್ಲಾಗಲಿ, ಚರ್ಚಿನ ಮೆಟ್ಟಿಲ ಮೇಲಾಗಲಿ, ಮೊದಲ ಪ್ರಶ್ನೆ “ಏನ್ ಎಳೀತಿದ್ದೀಯಪ್ಪಾ?” ಎಂಬುದು. ನನ್ನ ಅತ್ತೆಯನ್ನು ಮಣ್ಣು ಮಾಡಿದ ದಿನ ನಮ್ಮ ಪಾದ್ರಿಗಳು ಗಾರ್ಲಂಡನ ಹೆಗಲ ಮೇಲೆ ಕೈಯಿಟ್ಟು ಸಾಂತ್ವನ ಹೇಳಿ, ಆ ಕೈ ತೆಗೆಯುವ ಮುಂಚೆಯೇ ಈ ಪ್ರಶ್ನೆ ಕೇಳಿದ್ದರು. ಗಾರ್ಲಂಡ್ ಕಣ್ಣೊರೆಸಿಕೊಂಡು, “ಈ ವಾರ ಬರೀ ಹುಲ್ಲು, ಫಾದರ್” ಎಂದಿದ್ದ. ಈ ಪ್ರಶ್ನೆ ತಮ್ಮ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಇನ್ನು ನನ್ನ ವಿಷಯ. ಮೂರು ಪೀಪಾಯಿಗಳನ್ನು ಮುಕ್ಕೋಣವಾಗಿ ನಿಲ್ಲಿಸಿ, ಕುದುರೆಯ ಮೇಲೆ ಒಂದೊಂದನ್ನೂ ಸುತ್ತು ಹಾಕಿ ಶರವೇಗದಲ್ಲಿ ವಾಪಸು ಬರುವ ಆಟವನ್ನು ತಾವು ನೋಡಿರಬಹುದು. ಪೀಪಾಯಿ ಬಿದ್ದರೆ ದಂಡವಾಗಿ ಸಮಯ ಸೇರಿಸುತ್ತಾರೆ. ಗೆದ್ದರೆ ಬೆಲ್ಟಿಗೆ ಹಾಕುವ, ಸಾಸರಿನಷ್ಟು ಅಗಲದ ಬೆಳ್ಳಿಯ ಬಿಲ್ಲೆ ಕೊಡುತ್ತಾರೆ. ಗಾರ್ಲಂಡನ ಹತ್ತಿರ ಅಂಥದೊಂದಿದೆ. ಹರೆಯದಲ್ಲಿ ಕರುವಿಗೆ ಹಗ್ಗ ಎಸೆದು ಗೆದ್ದಿದ್ದು. ಅದನ್ನು ಅವನು ಮದುವೆಯ ದಿನವೂ ಹಾಕಿದ್ದ, ಹಲ್ಲು ಕೀಳಿಸಲು ಹೋದಾಗಲೂ ಹಾಕಿದ್ದ. ನಾನು ಹುಡುಗಿಯಾಗಿದ್ದಾಗಿನಿಂದ ಓಡಿಸುತ್ತಿದ್ದೇನೆ, ನನಗೆ ರಿಬ್ಬನ್ನು ಸಿಕ್ಕಿದೆ, ಚಪ್ಪಾಳೆ ಸಿಕ್ಕಿದೆ, ಒಂದು ಸಲ ಮುರಿದ ಕೊರಳೆಲುಬು ಸಿಕ್ಕಿದೆ, ಬಿಲ್ಲೆ ಮಾತ್ರ ಸಿಕ್ಕಿಲ್ಲ. ಈ ವಸಂತದಲ್ಲಿ ನನಗೆ ಅರವತ್ತು ತುಂಬಿತು. ಪಕ್ಕದ ಜಿಲ್ಲೆಯ ಸೆಪ್ಟೆಂಬರ್ ರೋಡಿಯೋ ಜಾತ್ರೆಯಲ್ಲಿ ಅರವತ್ತು ದಾಟಿದ ಹೆಂಗಸರಿಗೆ ಬೇರೆ ಓಟವಿದೆ. ಅರವತ್ತಾಯಿತೆಂದು ಕುಣಿದಾಡಿದ ಹೆಂಗಸು ನಮ್ಮ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಆ ಬಿಲ್ಲೆ ನನಗೆ ಬೇಕಿತ್ತು, ಬಹಳ ಬೇಕಿತ್ತು.

ಇಷ್ಟರಲ್ಲಿ ನಮ್ಮ ಪಿಕಪ್ಪಿನ ಟಯರುಗಳು ಸವೆದು ಬೋಳಾಗಿದ್ದವು. ಗಾಲಿಗಳು ಗಟ್ಟಿಯಾಗಿವೆ, ಅದೇ ಕಬ್ಬಿಣದ ಗಾಲಿಗೆ ಅದೇ ಅಳತೆಯ, ಭಾರ ಹೊರುವ ದಪ್ಪ ಪದರದ ಟಯರು ಹಾಕಿಸಿದರೆ ಆಯಿತು ಎಂದು ನಾನು ಹೇಳಿದೆ. ಗಾರ್ಲಂಡನೂ ತಲೆಯಾಡಿಸಿದ. ಆದರೆ ಮರುದಿನ ಬೆಳಿಗ್ಗೆ ಅವನು ಪಶು ಆಹಾರದ ಅಂಗಡಿಗೆ ಕಾಫಿಗೆ ಹೋದ. ಅಲ್ಲಿ ಅವನ ಚಿಕ್ಕಪ್ಪನ ಮಗ ವೆಲ್ಡನ್ ಹೊಸ ಹೊಳೆಯುವ ಗಾಲಿಗಳನ್ನು ಹಾಕಿಸಿದ ತನ್ನ ಡ್ಯೂಲಿಯನ್ನು ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿದ್ದನಂತೆ. ವೆಲ್ಡನ್‌ನ ಗಾಡಿ ನಾಯಿಯ ಆಹಾರದ ಒಂದು ಚೀಲ ಮತ್ತು ವೆಲ್ಡನ್, ಇವೆರಡಕ್ಕಿಂತ ಹೆಚ್ಚಿನ ಭಾರವನ್ನು ಇಂದಿನವರೆಗೆ ಕಂಡದ್ದಿಲ್ಲ. ಸಾಲದ್ದಕ್ಕೆ ಅದು ಬೇರೆ ಕಂಪನಿಯ ಗಾಡಿ. ನಮ್ಮೂರಿನಲ್ಲಿ ಒಬ್ಬ ಚರ್ಚು ಬದಲಿಸಿದರೆ ಜನ ಒಂದೆರಡು ವರ್ಷದಲ್ಲಿ ಮರೆಯುತ್ತಾರೆ, ಪಿಕಪ್ಪಿನ ಕಂಪನಿ ಬದಲಿಸಿದರೆ ಮರೆಯುವುದಿಲ್ಲ.

ವೆಲ್ಡನ್ ನಮ್ಮ ಗಾಲಿಯನ್ನು ಬೂಟಿನಿಂದ ಒದ್ದು ನೋಡಿ, “ಲೋ ಗಾರ್ಲಂಡ್, ನಿನ್ ಗಾಲಿ ನೋಡಿದ್ರೆ ನಂಗೆ ಸ್ಕೂಲ್ ಬಸ್ಸು ನೆನಪಾಗತ್ತೆ ಕಣೋ. ಮಕ್ಕಳನ್ನ ಹತ್ತಿಸ್ಕೋಬೇಕಾ?” ಎಂದನಂತೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರಂತೆ. ಗಾರ್ಲಂಡ್ ಕಾಫಿ ಅರ್ಧಕ್ಕೇ ಬಿಟ್ಟು ಬಂದ. ಬಂದವನೇ ಫೋನು ಹಿಡಿದು ಜಗಲಿಯಲ್ಲಿ ಕುಳಿತು ತಮ್ಮನ್ನು ಕಂಡ.

ಮಾನ್ಯರೇ, ತಮ್ಮ ತಾಳ್ಮೆಯನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ನಾನು ಅವನಿಗೆ ಹೇಳದಷ್ಟು ‘ಭೇಷ್’ಗಳನ್ನು ತಾವು ಒಂದೇ ಮಧ್ಯಾಹ್ನದಲ್ಲಿ ಹೇಳಿದಿರಿ. ಗಾಲಿ ಕಪ್ಪಿರಲೋ ಬೆಳ್ಳಿಯಂತಿರಲೋ ಎಂದು ಕೇಳಿದಿರಿ. ಬೆಳ್ಳಿ ಎಂದ, ಭೇಷ್ ದೋಸ್ತ್ ಎಂದಿರಿ. ಟಯರು ಮಡ್‌ಗಾರ್ಡಿನಿಂದ ಎಷ್ಟು ಹೊರಗೆ ಇಣುಕಬೇಕು ಎಂದಿರಿ. ಸಾಕಷ್ಟು ಎಂದ, ಅದಕ್ಕೂ ಭೇಷ್. ಟಯರು ತೆಳ್ಳಗಿರಲೋ ಮೈತುಂಬಿಕೊಂಡಿರಲೋ ಎಂದದ್ದಕ್ಕೆ ಮೈತುಂಬಿಕೊಂಡಿರಲಿ ಎಂದಾಗ ತಾವು ಟೋಪಿಯನ್ನೇ ಗಾಳಿಗೆ ಹಾರಿಸಿದಿರಿ. ಗಾಲಿಯೊಳಗೆ ನೀಲಿ ದೀಪ ಬೇಕೇ ಎಂದೂ ವಿಚಾರಿಸಿದಿರಿ. ‘ನಿಮ್ಮ ಜೀವನಶೈಲಿ ಯಾವುದು’ ಎಂದು ಕೇಳಿ ಕಾಡು, ಬೀದಿ, ಮೆರವಣಿಗೆ ಎಂಬ ಮೂರು ಗುಂಡಿಗಳನ್ನು ಮುಂದಿಟ್ಟಿರಿ. ದನ ಎಂಬ ಗುಂಡಿ ಇರಲಿಲ್ಲವಾದ್ದರಿಂದ ಅವನು ತುಂಬಾ ಹೊತ್ತು ಯೋಚಿಸಿ ಮೆರವಣಿಗೆಯನ್ನು ಒತ್ತಿದ. ಎಲ್ಲ ಮುಗಿದ ಮೇಲೆ ‘ನಿಮ್ಮ ಗಾಡಿಗೆ ಅಳತೆ ಪಕ್ಕಾ ಹೊಂದುತ್ತದೆ, ಇದು ಡಸ್ಟಿಯ ಮಾತು’ ಎಂದು ವಚನವಿತ್ತಿರಿ. ನಮ್ಮ ಕಡೆಯ ಹಸುಗೂಸೂ ಕೇಳುವ ಆ ಒಂದು ಪ್ರಶ್ನೆಯನ್ನು ಮಾತ್ರ ತಾವು ಕೇಳಲಿಲ್ಲ.

ಗಾಲಿಗಳು ಬಂದವು. ಸುಂದರವಾಗಿದ್ದವು, ಸುಳ್ಳು ಹೇಳಲಾರೆ. ಗಾರ್ಲಂಡ್ ತಾನೇ ಕೂಡಿಸಿದ, ವೆಲ್ಡನ್ ಬಂದು ನಟ್ಟು ಎಣಿಸಿಕೊಟ್ಟ. ಅಂದಿನಿಂದ ನಮ್ಮ ಮನೆಯ ಮೆತ್ತನೆಯ ಬನಿಯನ್ನುಗಳೆಲ್ಲ ಗಾಲಿಯ ಪಾಲಾದವು. ಕಳೆದುಹೋಗಿದ್ದ ನನ್ನ ಹಲ್ಲುಜ್ಜುವ ಬ್ರಷ್ಷು ಗಾಲಿಯ ಸಣ್ಣ ಸಣ್ಣ ತೂತುಗಳ ಧೂಳು ತೆಗೆಯುತ್ತಿದ್ದ ಅವನ ಕೈಯಲ್ಲಿ ಸಿಕ್ಕಿತು. ಒಳಗಿನ ಟಯರಿಗೆ ಗಾಳಿ ತುಂಬಬೇಕಾದರೆ ಹೊರಗಿನ ಗಾಲಿಯ ತೂತಿನಿಂದ ಕೈ ಹಾಕಬೇಕು; ತಮ್ಮ ಚಿತ್ತಾರದ ತೂತಿನಲ್ಲಿ ಅವನ ಕೈ ಹೋಯಿತು, ಬರಲಿಲ್ಲ. ಅಡುಗೆ ಎಣ್ಣೆ ಹಚ್ಚಿ ಕೈ ಬಿಡಿಸುವವರೆಗೂ ನಾನು ಅವನಿಗೆ ಕಾಫಿ ಕುಡಿಸಬೇಕಾಯಿತು. ಅಷ್ಟಾದರೂ ಅವನು ಗಾಲಿಯ ಹೊಳಪಿನಲ್ಲಿ ಮುಖ ನೋಡಿಕೊಂಡು ನಗುತ್ತಿದ್ದ. ಅವನು ಹಾಗೆ ನಕ್ಕು ಬಹಳ ದಿನವಾಗಿತ್ತು, ಆದ್ದರಿಂದ ಬ್ರಷ್ಷನ್ನು ಅವನಿಗೇ ಬಿಟ್ಟುಕೊಟ್ಟೆ.

ರೋಡಿಯೋದ ದಿನ ಬಂತು. ಟ್ರೇಲರಿನ ಮುಂಭಾಗದಲ್ಲಿ ಬಿಸ್ಕತ್ತನ್ನು ನಿಲ್ಲಿಸಿ, ನಡುವಿನ ತಡಿಕೆ ಹಾಕಿ, ಹಿಂದೆ ದಾರಿಯಲ್ಲಿ ಇಳಿಸಬೇಕಾಗಿದ್ದ ಊರವರ ದೊಡ್ಡ ಹೋರಿಗಳನ್ನು ತುಂಬಿದೆವು. ಹೊಸ ಗಾಲಿಗಳಿಗೆ ಅದೇ ಮೊದಲ ಭಾರ. ನನ್ನ ಓಟ ಸಂಜೆ ನಾಲ್ಕಕ್ಕೆ. ಹೆಸರು ಕರೆದಾಗ ಗೇಟಿನಲ್ಲಿ ಇಲ್ಲದವರಿಗೆ ಓಟವಿಲ್ಲ, ಅದು ನಿಯಮ. ಅರ್ಧ ದಾರಿ ದಾಟಿರಬೇಕು, ಸುಟ್ಟ ವಾಸನೆ ಬಂತು. ನಾನು ನಿಲ್ಲಿಸು ಎಂದೆ. “ಯಾರೋ ಹೊಲದಲ್ಲಿ ಕಸ ಸುಡ್ತಿದ್ದಾರೆ ಕಣೇ, ನಿಂಗೆ ಎಲ್ಲಾದಕ್ಕೂ ಗಾಬರಿ” ಎಂದು ಅವನು ಕಿಟಕಿ ಏರಿಸಿದ. ಆ ಕಸ ನಮ್ಮ ಜೊತೆಗೇ ಮೈಲಿಗಟ್ಟಲೆ ಬಂತು. ಆಮೇಲೆ ಢಂ ಎಂದು ಒಳಗಿನ ಟಯರು ಸಿಡಿದು, ಬಲಗಡೆಯ ಮಡ್‌ಗಾರ್ಡು ಕಿತ್ತು ಜೋಳದ ಹೊಲಕ್ಕೆ ಹಾರಿತು.

ಇಳಿದು ನೋಡಿದಾಗ ತಮ್ಮ ಕರಾಮತ್ತು ಅರ್ಥವಾಯಿತು. ಖಾಲಿ ಗಾಡಿ ಮನೆಯ ಮುಂದೆ ನಿಂತಾಗ ಜೋಡಿ ಟಯರುಗಳ ನಡುವೆ ಒಂದು ಬೆರಳು ಸಂದಿತ್ತು, ನೋಡಲು ಚೆನ್ನಾಗಿತ್ತು. ಟ್ರೇಲರಿನ ಭಾರ ಬಿದ್ದೊಡನೆ ಎರಡೂ ಮೈತುಂಬಿದ ಟಯರುಗಳು ಹೊಟ್ಟೆ ಬಿಟ್ಟು, ಕೆನ್ನೆಗೆ ಕೆನ್ನೆ ಹಚ್ಚಿ, ಉಜ್ಜಿ ಉಜ್ಜಿ ಕಾದು ಕೆಂಡವಾಗಿದ್ದವು. ನಮ್ಮ ಸ್ಟೆಪ್ನಿ ಹಳೆಯ ಅಳತೆಯದು, ಹೊಸದಕ್ಕಿಂತ ಕುಳ್ಳು. ಜೋಡಿಯಲ್ಲಿ ಒಂದು ಟಯರು ಕುಳ್ಳಾದರೆ ಭಾರವೆಲ್ಲ ಎತ್ತರದ್ದರ ಮೇಲೆ ಬೀಳುತ್ತದೆ, ಕುಳ್ಳನದು ಬರೀ ಪುಕ್ಕಟೆ ಸವಾರಿ. ನಮ್ಮ ಮನೆಯಲ್ಲಿ ಯಾರು ಎತ್ತರದ್ದು ಯಾರು ಕುಳ್ಳು ಎಂದು ಈ ಬಹಿರಂಗ ಪತ್ರದಲ್ಲಿ ಬರೆಯುವುದು ಸಭ್ಯತೆಯಲ್ಲ.

ಬೇರೆ ದಾರಿಯಿಲ್ಲದೆ ಗಾರ್ಲಂಡ್ ವೆಲ್ಡನ್‌ಗೆ ಫೋನು ಮಾಡಿದ. ಇದು ಎಂಥ ತ್ಯಾಗವೆಂದು ತಮಗೆ ಹೇಗೆ ತಿಳಿಸಲಿ? ಬೇರೆ ಕಂಪನಿಯ ಗಾಡಿ ನಮ್ಮ ಟ್ರೇಲರನ್ನು ಎಳೆಯಿತೆಂದರೆ ಆ ಸುದ್ದಿಯನ್ನು ನಮ್ಮ ಮೊಮ್ಮಕ್ಕಳ ಮದುವೆಯಲ್ಲೂ ಹೇಳಿ ನಗುತ್ತಾರೆ. ಅವನು ಅದನ್ನು ನನ್ನ ಬಿಲ್ಲೆಗಾಗಿ ಮಾಡಿದ. ವೆಲ್ಡನ್ ಹಾರ್ನ್ ಬಾರಿಸುತ್ತ ಬಂದ, ನಿಧಾನವಾಗಿ ಕಿಟಕಿ ಇಳಿಸಿದ, ಮುಖದ ತುಂಬ ನಗೆ ಇಟ್ಟುಕೊಂಡು ಕೇಳಿದ:

“ಏನ್ ಎಳೀತಿದ್ದೀಯಪ್ಪಾ, ಗಾರ್ಲಂಡ್?”

“ಬಾಯ್ ಮುಚ್ಕೊಂಡು ಗಾಡಿ ಹಿಂದಕ್ಕೆ ತಗೋ” ಎಂದ ಗಾರ್ಲಂಡ್.

ವೆಲ್ಡನ್‌ನ ಪಿಕಪ್ಪಿನ ತೊಟ್ಟಿಯಲ್ಲಿ ಟ್ರೇಲರಿನ ಕುತ್ತಿಗೆ ಕೂರುವ ಉಕ್ಕಿನ ಗುಂಡು ಇನ್ನೂ ಅಂಗಡಿಯ ಪ್ಲಾಸ್ಟಿಕ್ಕಿನಲ್ಲೇ ಇತ್ತು. ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಹರಿದು ತೆಗೆದು, ಟ್ರೇಲರನ್ನು ಗುಂಡಿನ ಮೇಲೆ ಇಳಿಸಿದೆವು. ಹೋರಿಗಳು ಒಮ್ಮೆ ಕಾಲು ಬದಲಿಸಿದವು. ವೆಲ್ಡನ್‌ನ ಹಿಂದಿನ ಟಯರುಗಳು ನಮ್ಮ ಕಣ್ಣೆದುರೇ ಹೊಟ್ಟೆ ಬಿಟ್ಟು ಒಂದನ್ನೊಂದು ಅಪ್ಪಿಕೊಂಡವು. ಇಬ್ಬರೂ ಗಂಡಸರು ಬಗ್ಗಿ, ಬಾವಿಯಲ್ಲಿ ಬಿದ್ದ ಕೊಡವನ್ನು ಹುಡುಕುವವರ ಹಾಗೆ, ಆ ಇಲ್ಲದ ಸಂದಿನೊಳಗೆ ನೋಡುತ್ತ ನಿಂತರು.

“ಡಸ್ಟಿ ಭೇಷ್ ಅಂದಿದ್ದ ಕಣೋ” ಎಂದ ವೆಲ್ಡನ್.

“ನಂಗೂ ಅಂದಿದ್ದ” ಎಂದ ಗಾರ್ಲಂಡ್.

“ಟೋಪಿ ಹಾರಿಸಿದ್ನಾ?”

“ಹಾರಿಸಿದ್ದ.”

ಅಣ್ಣತಮ್ಮಂದಿರು ಇಷ್ಟು ಆತ್ಮೀಯವಾಗಿ ಮಾತಾಡಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ, ಅದಕ್ಕಾಗಿ ತಮಗೆ ಧನ್ಯವಾದಗಳು. ಆದರೆ ಗಂಟೆ ಮೂರಾಗುತ್ತ ಬಂದಿತ್ತು. ಅವರು ಟಯರಿನ ಗಾಳಿ ಇಳಿಸಬೇಕೋ ಏರಿಸಬೇಕೋ ಎಂದು ಜಗಳ ಶುರುಮಾಡಿದಾಗ ನಾನು ಟ್ರೇಲರಿನ ಮುಂಭಾಗದ ಪಕ್ಕದ ಬಾಗಿಲು ತೆಗೆದು, ಬಿಸ್ಕತ್ತನ್ನು ಇಳಿಸಿ, ಜೀನು ಬಿಗಿದೆ. “ಎಲ್ಲಿಗೆ ಕಣೇ?” ಎಂದ ಗಾರ್ಲಂಡ್. “ಓಟಕ್ಕೆ. ನೀವಿಬ್ಬರೂ ಹೋರಿ ಕಾಯ್ತಾ ಇರಿ” ಎಂದೆ. ರಸ್ತೆ ಪಕ್ಕದ ಹುಲ್ಲು ಚರಂಡಿಯಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎದುರುಗಾಳಿಗೆ ಟೋಪಿ ಒತ್ತಿ ಹಿಡಿದು ಆರೇಳು ಮೈಲಿ ಬಂದೆ. ಎದುರಿನಿಂದ, ಹುಲ್ಲು ಇಳಿಸಿ ಖಾಲಿ ಬರುತ್ತಿದ್ದ ಡ್ಯೂಲಿಯ ಅಪರಿಚಿತನೊಬ್ಬ ವೇಗ ಇಳಿಸಿ, ಅಭ್ಯಾಸಬಲದಿಂದ, “ಏನ್ ಎಳೀತಿದ್ದೀರಮ್ಮಾ?” ಎಂದು ಕೂಗಿದ. ಹಿಂದೆ ಇಬ್ಬರು ಗಂಡಸರನ್ನು ಬಿಟ್ಟು ಬಂದಿದ್ದೇನೆ, ಆಗುವುದಾದರೆ ಎಳೆದು ತಾ ಎಂದೆ. ಅವನ ಗಾಡಿಗೆ ಬಣ್ಣ ಹೋದ ಕಬ್ಬಿಣದ ಗಾಲಿಗಳಿದ್ದವು. ಅವನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ, ಆದರೆ ನಮ್ಮ ಟ್ರೇಲರು, ಹೋರಿಗಳು ಮತ್ತು ಗಂಡಸರು ಅಂದು ಮೈದಾನ ತಲುಪಿದ್ದು ಅವನಿಂದ.

ಮೈದಾನದ ಗೇಟಿನ ಮೇಲೆ, ಮಾನ್ಯರೇ, ತಾವೇ ಇದ್ದಿರಿ. ಆನೆಯಷ್ಟು ದೊಡ್ಡ ಬ್ಯಾನರಿನಲ್ಲಿ ಟೋಪಿ ಎತ್ತಿ ನಗುತ್ತಿದ್ದಿರಿ. ಈ ವರ್ಷದ ರೋಡಿಯೋದ ಪ್ರಾಯೋಜಕರು ತಮ್ಮ ಕಂಪನಿಯವರೆಂದು ನನಗೆ ಆಗಲೇ ತಿಳಿದದ್ದು. ನನ್ನ ಹೆಸರು ಕರೆಯುತ್ತಿದ್ದರು, ತಮ್ಮ ಕೆಳಗೆ ನುಗ್ಗಿ ಒಳಗೆ ಹೋದೆ.

ಓಟದ ಬಗ್ಗೆ ಹೆಚ್ಚು ಹೇಳಲಾರೆ, ಅದು ಮುಗಿದದ್ದೇ ಗೊತ್ತಾಗಲಿಲ್ಲ. ಟ್ರೇಲರಿನಲ್ಲಿ ನಿಂತು ಜಡ್ಡುಗಟ್ಟಿ ಬರುತ್ತಿದ್ದ ಬಿಸ್ಕತ್ತು ಅಂದು ಮೈ ಬಿಸಿಯಾಗಿ, ದಾರಿಯುದ್ದಕ್ಕೂ ನನ್ನ ಸಿಟ್ಟನ್ನು ನನ್ನ ತೊಡೆಗಳ ಬಿಗಿತದಿಂದ ಓದಿಕೊಂಡು, ಪೀಪಾಯಿಗಳಿಗೆ ಅಂಟಿಕೊಂಡೇ ತಿರುಗಿದಳು. ಮೂರನೆಯದು ಅಲ್ಲಾಡಿತು, ಬೀಳಲಿಲ್ಲ. ಉಳಿದ ಹೆಂಗಸರಲ್ಲಿ ವೇಗದವರೆಲ್ಲ ಒಂದೊಂದು ಪೀಪಾಯಿ ಉರುಳಿಸಿದ್ದರು. ನಾನು ಗೆದ್ದೆ.

ಘೋಷಕರು ನನ್ನನ್ನು ಮೈಕಿನ ಹತ್ತಿರ ಕರೆದರು. ನಾನು ಅಂಗೈ ಒರೆಸಿಕೊಂಡು ಕೈ ಚಾಚಿದೆ. “ಈ ಸಲ ಹಳೇ ಕಾಲದ ಬಿಲ್ಲೆ ಇಲ್ಲ ಜನರೇ! ನಮ್ಮ ಡಸ್ಟಿ ಏನ್ ಕೊಟ್ಟಿದ್ದಾನೆ ನೋಡಿ!” ಎಂದು ಅವರು ಪರದೆ ಎಳೆದರು. ಅಲ್ಲಿ ಒಂದರ ಮೇಲೊಂದು, ಮೈತುಂಬಿದ ಟಯರುಗಳ ಸಮೇತ, ಬೆಳ್ಳಿಯಂತೆ ಹೊಳೆಯುವ ಆರು ಡ್ಯೂಲಿ ಗಾಲಿಗಳಿದ್ದವು. ನನಗೆ ಅಳು ಬಂತು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನೂ ಮರೆತು ಅತ್ತೆ. “ನೋಡಿ, ಎಷ್ಟು ಖುಷಿಯಾಗಿದ್ದಾರೆ!” ಎಂದರು ಘೋಷಕರು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಬಂದಿದ್ದ ಗಾರ್ಲಂಡ್ ಜನರ ನಡುವಿನಿಂದ ಎಲ್ಲವನ್ನೂ ನೋಡಿದ್ದ. ಬೇಲಿಯ ಹತ್ತಿರ ಬಂದು, ತನ್ನ ಬೆಲ್ಟಿನಿಂದ ಆ ಹಳೆಯ ಬಿಲ್ಲೆ ಬಿಚ್ಚಿ ನನ್ನ ಮುಂದೆ ಹಿಡಿದ. “ನಿಂದು ನಿನ್ ಹತ್ರಾನೇ ಇರ್ಲಿ. ನಂಗೆ ಬೇಕಾಗಿದ್ದು ನಂದು” ಎಂದೆ. ಅವನು ಒಂದು ಕೈಯಲ್ಲಿ ಬಿಲ್ಲೆ, ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ತಲೆ ತಗ್ಗಿಸಿ ನಿಂತ.

ಈಗ ನನ್ನ ಕೋರಿಕೆಗಳು. ತಾವು ದಯಮಾಡಿ ಗಾರ್ಲಂಡನಿಗೆ ಕೊಟ್ಟ ‘ಭೇಷ್’ಗಳನ್ನೆಲ್ಲ ಬಡ್ಡಿಸಮೇತ ವಾಪಸು ಪಡೆಯಬೇಕು, ಮನೆಯಲ್ಲಿ ಅವುಗಳನ್ನು ಇಡಲು ಜಾಗವಿಲ್ಲ. ಬಿಡುವಾದಾಗ ಪಶು ಆಹಾರದ ಅಂಗಡಿಗೆ ಬಂದು, ಟೋಪಿ ಕೆಳಗಿಟ್ಟು, ಅಲ್ಲಿಯ ಕಾಫಿ ಕುಡಿದು, ಬಾಗಿಲು ದಾಟಿ ಒಳಬರುವ ಪ್ರತಿಯೊಬ್ಬನನ್ನೂ ಏನು ಎಳೆಯುತ್ತೀಯೆಂದು ಕೇಳಿ ಅಭ್ಯಾಸ ಮಾಡಿಕೊಳ್ಳಬೇಕು. ಬಿಸ್ಕತ್ತಿನ ಮುಂದೆ ನಿಂತು ಕ್ಷಮೆ ಕೇಳಬೇಕು. ಅವಳು ಒದೆಯುವವಳಲ್ಲ, ಆದರೆ ಹಿಂದೆ ನಿಲ್ಲಬೇಡಿ. ಕೊನೆಯದಾಗಿ, ನನಗೆ ನನ್ನ ಬಿಲ್ಲೆಯನ್ನು ಕಳಿಸಿಕೊಡಬೇಕು. ಇದೊಂದನ್ನು ತಮಾಷೆಗೆ ಬರೆಯುತ್ತಿಲ್ಲ.

ಪಿಕಪ್ಪಿಗೆ ಹಳೆಯ ಕಬ್ಬಿಣದ ಗಾಲಿಗಳೇ ವಾಪಸು ಬಂದಿವೆ, ಹಳೆಯ ಅಳತೆಯ ಹೊಸ ಟಯರುಗಳೊಂದಿಗೆ. ತಮ್ಮ ಎರಡು ಸೆಟ್ಟುಗಳು, ಕೊಂಡದ್ದು ಆರು, ಗೆದ್ದದ್ದು ಆರು, ವ್ಯರ್ಥವಾಗಿಲ್ಲ. ನಾಲ್ಕು ನಾಲ್ಕನ್ನು ಒಂದರ ಮೇಲೊಂದು ಪೇರಿಸಿ ಹಿತ್ತಲಿನ ಬಯಲಿನಲ್ಲಿ ಮುಕ್ಕೋಣವಾಗಿ ನಿಲ್ಲಿಸಿದ್ದೇನೆ, ಸಿಡಿದದ್ದು ಎಲ್ಲಕ್ಕಿಂತ ಕೆಳಗಿದೆ. ಬೆಳಿಗ್ಗೆ ಬಿಸ್ಕತ್ತು ಅವುಗಳ ಸುತ್ತ ಓಡುತ್ತಾಳೆ. ಅಲ್ಲಿ ಅವು ಒಂದನ್ನೊಂದು ಎಷ್ಟು ತಬ್ಬಿಕೊಂಡರೂ ನಮ್ಮ ಅಭ್ಯಂತರವಿಲ್ಲ.

ತಮ್ಮ ವಿಶ್ವಾಸಿ,
ಓಲೀಟಾ ಪ್ರುಯಿಟ್

ತಾ.ಕ.: ಈ ಪತ್ರ ಅಂಚೆಗೆ ಹಾಕುವಷ್ಟರಲ್ಲಿ ಗಾರ್ಲಂಡ್ ಕೊಟ್ಟಿಗೆಯಿಂದ ಒಂದು ವಸ್ತು ತಂದು ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆ ಹೊರಗೆ ಹೋದ. ನಾನು ಗೆದ್ದ ಗಾಲಿಗಳಲ್ಲೊಂದರ ನಡುವಿನ ಹೊಳೆಯುವ ಮುಚ್ಚಳವನ್ನು ಕಿತ್ತು, ಅದರ ಮೇಲಿದ್ದ ತಮ್ಮ ಮುಖವನ್ನು ಟೋಪಿಸಮೇತ ಅರದಿಂದ ಉಜ್ಜಿ ತೆಗೆದು, ಆ ಜಾಗದಲ್ಲಿ ಸೊಟ್ಟಸೊಟ್ಟಗೆ ನನ್ನ ಹೆಸರು ಕೊರೆದು, ಹಿಂದೆ ಕೊಕ್ಕೆ ಬೆಸೆದಿದ್ದಾನೆ. ಬೆಲ್ಟಿಗೆ ಹಾಕಿ ನೋಡಿದೆ. ಅಳತೆ ಪಕ್ಕಾ ಹೊಂದುತ್ತದೆ. ತಮ್ಮನ್ನು ಯಾರೂ ಕೇಳಿರಲಿಲ್ಲ.